ಆನೆ ಕಟ್ಟಿಕೊಂಡು ಬಂದ ತಮ್ಮ

ಬನ್ನಿ ಬನ್ನಿ. ಹೂಂ ಅನ್ನೋರು ಮುಂದೆ ಕೂರಿ, ಆಕಳಿಸೋರು ಗೋಡೆಗೆ ಒರಗಿ. ಕಥೆ ಸುಳ್ಳು ಅಂತೀರಾ? ಸುಳ್ಳೇ. ಸುಳ್ಳಿನ ಹೊಟ್ಟೆಯಲ್ಲಿ ನಿಜ ಇದೆ ಅಂತೀರಾ? ಅದೂ ಹೌದು. ಹಲಸಿನ ಮುಳ್ಳು ನೋಡಿ ಓಡಿಹೋದವನಿಗೆ ತೊಳೆ ಎಲ್ಲಿ ಸಿಗಬೇಕು? ಕೇಳಿ.

ಕಲ್ಲಿಗೆ ಕಿವಿ ಇದ್ದ ಕಾಲ. ಕಾಗೆಗೆ ನಾಚಿಕೆ ಇದ್ದ ಕಾಲ. ಅತ್ತೆ ಸೊಸೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದ ಕಾಲ. ಅಷ್ಟು ಹಳೇ ಕಾಲ ಅಂದುಕೊಳ್ಳಿ! ಆಗ ಯಾವುದೋ ಒಂದು ಸೀಮೆಯಲ್ಲಿ, ನಾಲ್ಕು ದಾರಿ ಕೂಡುವ ಜಾಗದಲ್ಲಿ, ಒಂದು ಕೋಟೆಯ ಊರಿತ್ತು. ಹೆಸರು ನಾಲ್ದಾರಿ ಕೋಟೆ. ಪಡುವಣದಿಂದ ಉಪ್ಪು ಬರುವ ದಾರಿ, ಬಡಗಣದಿಂದ ಕುದುರೆ ಬರುವ ದಾರಿ, ಮೂಡಣದಿಂದ ಹತ್ತಿ ಬರುವ ದಾರಿ, ತೆಂಕಣದಿಂದ ಅಕ್ಕಿ ಬರುವ ದಾರಿ. ಉಪ್ಪು ಬೇಕಾದ ರಾಜನೂ ಆ ಊರನ್ನು ದಾಟಬೇಕು. ಕುದುರೆ ಬೇಕಾದ ರಾಜನೂ ಆ ಊರನ್ನು ದಾಟಬೇಕು. ಅಂದಮೇಲೆ ಆ ಊರಿನ ಮೇಲೆ ಯಾರಿಗೆ ಕಣ್ಣಿರಲ್ಲ ಹೇಳಿ? ದಾರಿ ಬದಿಯ ಮಾವಿನ ಮರಕ್ಕೆ ಕಲ್ಲೇಟು ಜಾಸ್ತಿ.

ಅದಕ್ಕೇ ಊರಿನವರು ಆನೆ ಎತ್ತರದ ಗೋಡೆ ಕಟ್ಟಿದ್ದರು. ಗೋಡೆಯ ಸುತ್ತ ಮೊಸಳೆ ಬಿಟ್ಟ ಕಂದಕ. ಗೋಡೆಗೆ ನಾಲ್ಕು ಅಗಸಿ ಬಾಗಿಲು. ಅದೂ ಸಾಲದು ಅಂತ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಗೋಡೆಗಿಂತ ಗಟ್ಟಿ ಆ ಕಟ್ಟಳೆ.

ಏನು ಕಟ್ಟಳೆ ಅಂದ್ರೆ, ಹೊತ್ತು ಮುಳುಗುವಾಗ ಅಗಸಿ ಮುಚ್ಚಬೇಕು. ಪರಊರಿನವರು ಯಾರಾದರೂ ಒಳಗೆ ಉಳಿಯಬೇಕು ಅಂದರೆ ಅಗಸಿ ಕಾಯುವವನು ಕೂಗಬೇಕು: "ಇವನು ಯಾರವನು? ಇವನು ಯಾರವನು? ಇವನು ಯಾರವನು?" ಮೂರು ಕೂಗು. ಆಗ ಊರಿನ ಒಬ್ಬರು ಮುಂದೆ ಬಂದು, ಅವನ ತಲೆ ಮೇಲೆ ಕೈ ಇಟ್ಟು, ಇಂಥ ನಂಟ ಅಂತ ಬಾಯಿ ಬಿಟ್ಟು ಹೇಳಬೇಕು. ಹೇಳಿದರೋ, ಅವನು ಸಾಯುವ ತನಕ ಅದೇ ನಂಟ. ಚಿಕ್ಕಪ್ಪ ಅಂದರೆ ಚಿಕ್ಕಪ್ಪ, ಅಳಿಯ ಅಂದರೆ ಅಳಿಯ. ಆಮೇಲೆ ಬದಲಾಯಿಸಂಗಿಲ್ಲ. ಆದರೆ ಆ ನಂಟ ಊರಿಗೆ ಕೇಡು ಮಾಡಿದರೆ? ಕೈ ಇಟ್ಟವರು ಅದೇ ಅಗಸಿಯಿಂದ ಆಚೆಗೆ. ಮತ್ತೆ ಒಳಗೆ ಬರೋ ಹಂಗಿಲ್ಲ.

ಇಂಥ ಕಟ್ಟಳೆ ಇದ್ದರೆ ಯಾರು ಕೈ ಇಡ್ತಾರೆ? ಜನ ತಮ್ಮ ಸ್ವಂತ ಮಾವನ ತಲೆ ಮುಟ್ಟೋಕೂ ಎರಡು ಸಲ ಯೋಚನೆ ಮಾಡ್ತಿದ್ದರು. ಮಾವ ಎಂಥವನು ಅಂತ ಗೊತ್ತಿದ್ದೇ ಯೋಚನೆ ಮಾಡ್ತಿದ್ದರು ಅನ್ನಿ.

ಒಬ್ಬಳು ಮಾತ್ರ ಇಡ್ತಿದ್ದಳು. ಅವಳೇ ದುಂಡವ್ವ.

ದುಂಡವ್ವ ಉಪ್ಪಿನ ಬಾಗಿಲ ಹತ್ತಿರ ಇರುವವಳು. ಗಂಡ ಭರಮಪ್ಪ ಬಾವಿ ಹಗ್ಗ ಹೊಸೆಯುವವನು. ಅವನು ದಿನಕ್ಕೆ ಮೂರು ಮಾತಾಡಿದರೆ ಅವತ್ತು ಮಳೆ ಬರುತ್ತೆ ಅಂತ ಜನ ಬಟ್ಟೆ ಒಳಗೆ ತೆಗೀತಿದ್ದರು. ಅವನ ಪಾಲಿನ ಮಾತೆಲ್ಲ ದುಂಡವ್ವನೇ ಆಡ್ತಿದ್ದಳು.

ಈ ದುಂಡವ್ವ ಹುಟ್ಟಿದ್ದು ಎಲ್ಲಿ? ಅವಳಿಗೇ ಗೊತ್ತಿಲ್ಲ. ಉಪ್ಪಿನ ಎತ್ತಿನವರು ಬಂದಿದ್ದಾಗ, ಜ್ವರ ಬಂದ ಒಂದು ಹೆಣ್ಣು ಕೂಸನ್ನು ಅಗಸಿ ಕಟ್ಟೆ ಮೇಲೆ ಬಿಟ್ಟು ಹೋಗಿದ್ದರು. ಕಾವಲಿನವನು ಮೂರು ಸಲ ಕೂಗಿದ. ಯಾರೂ ಮಿಸುಕಲಿಲ್ಲ. ಕೊನೆಗೆ ಹಲ್ಲಿಲ್ಲದ ತಿಪ್ಪಜ್ಜಿ ಅನ್ನೋ ಮುದುಕಿ ಕೋಲೂರಿಕೊಂಡು ಬಂದು ಕೂಸಿನ ತಲೆ ಮುಟ್ಟಿ, "ನನ್ನ ಮೊಮ್ಮಗಳು, ಏನಿವಾಗ?" ಅಂದಳು. ಆ ಮುದುಕಿಗೆ ಮದುವೆಯೇ ಆಗಿರಲಿಲ್ಲ. ಮೊಮ್ಮಗಳು ಹೆಂಗೆ ಬಂದಳು ಅಂತ ಯಾರು ಕೇಳ್ತಾರೆ? ಕಟ್ಟಳೆ ಕಟ್ಟಳೆಯೇ.

ಅಜ್ಜಿ ಸಾಕಿದಳು, ಮದುವೆ ಮಾಡಿದಳು, ಹೋದಳು. ದುಂಡವ್ವ ಮರೀಲಿಲ್ಲ. "ನನ್ನ ತಲೆ ಮೇಲೆ ಒಂದು ಕೈ ಬಿತ್ತು, ನಾನು ಬದುಕಿದೆ. ಉಂಡ ಮನೆ ಜಂತಿ ಎಣಿಸಬಾರದು. ಉಂಡ ಮನೆ ಬಾಗಿಲು ಮುಚ್ಚಲೂಬಾರದು" ಅಂತಿದ್ದಳು. ಹೊತ್ತು ಮುಳುಗಿದರೆ ಸಾಕು, ಸೆರಗು ಸಿಕ್ಕಿಸಿಕೊಂಡು ಅಗಸಿಗೆ ಹೊರಟಳು. ಬಳೆಗಾರ ಬಂದನಾ? "ನಮ್ಮ ದೊಡ್ಡಪ್ಪ!" ಸಾಣೆ ಹಿಡಿಯೋನು ಬಂದನಾ? "ನಮ್ಮ ಅಳಿಯ!" ಕರಡಿ ಆಡಿಸೋನು ಬಂದನಾ? "ನಮ್ಮ ಮೈದುನ!"

ಅಗಸಿ ಕಾಯುವ ಹುಚ್ಚೀರಪ್ಪ ಮೀಸೆ ಕೆರೆದುಕೊಂಡು ಕೇಳಿದ, "ಸರಿ ತಾಯಿ, ಅವನು ಮೈದುನ. ಈ ಕರಡಿ?"

"ಅದು ಮೈದುನನ ಹೆಂಡತಿ ಕಡೆಯವರು. ಬಿಡೋ ಒಳಗೆ!"

ಇಷ್ಟೆಲ್ಲ ನಂಟಸ್ತನ ಹಂಚಿದವಳು ಒಂದೇ ಒಂದು ಮಾತನ್ನು ಮಾತ್ರ ಯಾರಿಗೂ ಕೊಟ್ಟಿರಲಿಲ್ಲ. ಅಣ್ಣ ಅಂತ ಯಾರಿಗೂ ಅಂದಿರಲಿಲ್ಲ. ತಮ್ಮ ಅಂತ ಯಾರಿಗೂ ಅಂದಿರಲಿಲ್ಲ. ಯಾಕೆ? ಅಣ್ಣತಮ್ಮ ಅಂದರೆ ತವರು. ಪಂಚಮಿ ಹಬ್ಬಕ್ಕೆ ಅಣ್ಣತಮ್ಮಂದಿರು ಬಂದು ಕರೀಬೇಕು. ಕರೆಯೋರು ಇದ್ದೂ ಬರದೇ ಹೋದರೆ ಆ ನೋವು ಕರೆಯೋರೇ ಇಲ್ಲದ ನೋವಿಗಿಂತ ದೊಡ್ಡದು. ಪಂಚಮಿ ಬಂದರೆ ಊರಿನ ಹೆಂಗಸರೆಲ್ಲ ಹೊಸ ಬಳೆ ಹಾಕಿಕೊಂಡು ನಾಲ್ಕೂ ಅಗಸಿಯಿಂದ ತವರಿಗೆ ಹೊರಟುಬಿಡೋರು. ದುಂಡವ್ವ ಅವರೆಲ್ಲರ ಎಮ್ಮೆಗೆ ಹುಲ್ಲು ಹಾಕಿಕೊಂಡು, ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಒಬ್ಬಳೇ ಕೂತು, ಒಬ್ಬಳೇ ಕಾಲಲ್ಲಿ ನೆಲ ಒದ್ದು ಜೀಕೋಳು. "ನನಗೆ ಈ ಊರೇ ಸಾಕು. ಈ ಊರು ಬಿಟ್ಟರೆ ಲೋಕದಲ್ಲಿ ನನಗೆ ಗೇಣು ಜಾಗ ಇಲ್ಲ" ಅನ್ನೋಳು.

ಹಿಂಗಿರಲಾಗಿ ಒಂದು ವರ್ಷ ಪಂಚಮಿಯ ಹಿಂದಿನ ಸಂಜೆ. ಅಗಸಿ ತುಂಬ ಅಣ್ಣಂದಿರು, ತಮ್ಮಂದಿರು. ಅಕ್ಕಂದಿರು ಓಡಿ ಬರೋದು, "ನಮ್ಮ ಪುಟ್ಟ!" ಅಂತ ಮೀಸೆ ಬಂದವನ ಕೆನ್ನೆ ಹಿಂಡೋದು, ಕರೆದುಕೊಂಡು ಹೋಗೋದು. ನೋಡ ನೋಡ್ತಾ ಅಗಸಿ ಖಾಲಿ. ಒಬ್ಬ ಉಳಿದ. ಗಟ್ಟಿ ಆಳು, ಮಾಸಿದ ಕಂಬಳಿ, ಹೆಸರು ಬೈರ ಅಂದ.

"ಇವನು ಯಾರವನು?" ಹುಚ್ಚೀರಪ್ಪ ಕೂಗಿದ. ಯಾರೂ ಇಲ್ಲ.

"ಇವನು ಯಾರವನು?" ಯಾರೂ ಇಲ್ಲ.

ಬೇರೆಯವರ ಅಣ್ಣತಮ್ಮಂದಿರನ್ನು ನೋಡೋಕೆ ಅಂತ ಬಂದು ನಿಂತಿದ್ದಳು ದುಂಡವ್ವ. ಅಷ್ಟೊಂದು ಅಕ್ಕತಮ್ಮಂದಿರು ಹೋದಮೇಲೆ ಅವನೊಬ್ಬನೇ ಉಳಿದು ನಿಂತಿದ್ದು ಕಂಡಳು. ಮೂರನೇ ಕೂಗು ಮುಗಿಯೋ ಮೊದಲೇ ಕೈ ಅವನ ತಲೆ ಮೇಲಿತ್ತು, ಮಾತು ಬಾಯಿಂದ ಬಿದ್ದಿತ್ತು.

"ನನ್ನ ತಮ್ಮ."

ಹೇಳಿ ಅವಳೇ ಬೆಚ್ಚಿದಳು. ಆದರೆ ಮೊಳಕೆ ಒಡೆದ ಕಾಳು ಮತ್ತೆ ಸಿಪ್ಪೆಯೊಳಗೆ ಹೋಗುತ್ತಾ?

ಈಗ ನಿಮಗೊಂದು ಗುಟ್ಟು. ಅವಳಿಗೆ ಗೊತ್ತಿಲ್ಲ, ನಿಮಗೆ ಮಾತ್ರ. ಆ ಬೈರ ಬೈರನಲ್ಲ. ಗುಡ್ಡದಾಚೆ ಸೀಮೆಯ ದೊರೆ ರಣಭೈರ! ಯಾವ ಗೋಡೆ ಸಡಿಲ, ಯಾವ ಬಾಗಿಲು ಬಡಕಲು ಅಂತ ನೋಡಿಕೊಂಡು ಹೋಗೋಕೆ ವೇಷ ಹಾಕಿಕೊಂಡು ಬಂದಿದ್ದ.

ದುಂಡವ್ವ ನೋಡೋಕೆ ಬಿಟ್ಟರೆ ತಾನೇ? ಅವನು ಬುರುಜು ಎಣಿಸೋಕೆ ತಲೆ ಎತ್ತಿದ, ಇವಳು "ತಲೆ ತಗ್ಗಿಸೋ, ಎಣ್ಣೆ ಹಚ್ಚಬೇಕು" ಅಂದಳು. ಕಾವಲಿನವರನ್ನು ಎಣಿಸೋಕೆ ಹೊರಟ, "ಇನ್ನೊಂದು ರೊಟ್ಟಿ ತಿನ್ನೋ, ಒಂಟಿ ರೊಟ್ಟಿ ತಿಂದವನು ಅಕ್ಕನಿಗೆ ವೈರಿ ಆಗ್ತಾನೆ" ಅಂತ ಎಳೆದು ಕೂರಿಸಿದಳು. ಬಾಗಿಲಿನ ಅಗುಳಿ ನೋಡೋಕೆ ಅತ್ತ ಜಾರಿದ, "ಎಲ್ಲಿಗೋ ಓಡ್ತೀಯಾ? ಬಾ ಇಲ್ಲಿ, ಜೋಕಾಲಿ ತೂಗು. ಜೋರಾಗಿ! ಇನ್ನೂ ಜೋರಾಗಿ! ಊಟ ಮಾಡಿದ್ದೀಯೋ ಇಲ್ವೋ?" ಅಂದಳು. ಹತ್ತು ಕೋಟೆ ಮುರಿದ ದೊರೆ, ಬೆವರು ಸುರಿಸಿಕೊಂಡು ಜೋಕಾಲಿ ತೂಗಿದ.

ಹೊರಡುವಾಗ ಬುತ್ತಿ ಕಟ್ಟಿಕೊಟ್ಟು ಕೇಳಿದಳು, "ಮತ್ತೆ ಯಾವಾಗ ಬರ್ತೀಯೋ?"

"ಬರೋ ಪಂಚಮಿಗೆ ಬಂದು ನಿನ್ನ ಕರ್ಕೊಂಡು ಹೋಗ್ತೀನಿ ಅಕ್ಕ" ಅಂದ. ಸುಳ್ಳು. ಅವನಿಗೆ ಅದು ಸುಳ್ಳು. ಅವಳಿಗೆ?

ಬರೋ ಪಂಚಮಿಗೆ ಬಳೆ ತೊಟ್ಟು ಅಗಸಿ ಕಟ್ಟೆ ಮೇಲೆ ಕೂತಳು. ಬರಲಿಲ್ಲ. ಅದರ ಮುಂದಿನ ಪಂಚಮಿಗೆ ಗಂಟು ಕಟ್ಟಿಕೊಂಡು ಕೂತಳು. ಬರಲಿಲ್ಲ. ಮೂರನೇ ಪಂಚಮಿಗೆ ಎಮ್ಮೆಗಳಿಗೆಲ್ಲ ಮೊದಲೇ ಹುಲ್ಲು ಹಾಕಿ ಬಂದು ಕೂತಳು.

ಬಂದ!

ಬಂದ ಅಂದರೆ ಹೆಂಗೆ ಬಂದ? ಮುಂದೆ ಆನೆ, ಹಿಂದೆ ಕುದುರೆ, ನಡುವೆ ಈಟಿ ಹಿಡಿದ ದಂಡು. ನಾಲ್ಕೂ ದಾರಿಗೆ ಅಡ್ಡ ಡೇರೆ ಬಿತ್ತು. ಉಪ್ಪು ನಿಂತಿತು, ಅಕ್ಕಿ ನಿಂತಿತು, ಹತ್ತಿ ನಿಂತಿತು, ಕುದುರೆ ನಿಂತಿತು. ನಾಲ್ಕೂ ಅಗಸಿ ದಡಾರ್ ಅಂತ ಮುಚ್ಚಿದವು. ಬುರುಜಿನ ಮೇಲಿಂದ ಹುಚ್ಚೀರಪ್ಪ ಕಣ್ಣು ಕಿರಿದು ಮಾಡಿ ನೋಡಿದ, ಮತ್ತೆ ನೋಡಿದ, ಕಿರುಚಿದ. "ಅಯ್ಯಯ್ಯೋ! ಆನೆ ಮೇಲಿರೋನು ನಮ್ಮ ದುಂಡವ್ವನ ತಮ್ಮ ಕಣ್ರೋ!"

ಊರು ಕೂಡಿತು. ಊರಿನ ನಾಯಕ ಕಟ್ಟೆ ಮೇಲೆ ಕೂತ. ಕೆಟ್ಟವನಲ್ಲ ಪಾಪ. ಅವನ ಹೆಂಡತಿಯ ಬಾಣಂತನ ಮಾಡಿದವಳೇ ದುಂಡವ್ವ. "ದುಂಡವ್ವಾ, ಕಟ್ಟಳೆ..." ಅಂದ.

"ಗೊತ್ತಪ್ಪ" ಅಂದಳು. "ಕೈ ಇಟ್ಟವಳು ನಾನು. ಆಚೆ ಹೋಗಬೇಕಾದವಳೂ ನಾನೇ."

ಭರಮಪ್ಪ ಹಗ್ಗ ಕೆಳಗಿಟ್ಟು ಎದ್ದ. "ನಾನೂ ಬರ್ತೀನಿ."

"ಎಮ್ಮೆ ಯಾರು ನೋಡ್ತಾರೆ, ನಿಮ್ಮಜ್ಜನಾ? ಸುಮ್ನೆ ಕೂರಿ."

ಅತ್ತಳಾ? ಇಲ್ಲ. ಶಾಪ ಹಾಕಿದಳಾ? ಇಲ್ಲ. ಅಗಸಿಯ ಹೊಸ್ತಿಲಿಗೆ ಹಣೆ ಹಚ್ಚಿ, ಊರಿನ ಕಡೆ ತಿರುಗಿ ಕೈ ಮುಗಿದಳು. "ಯಾರದ್ದೋ ಕೂಸು ನಾನು. ಉಣ್ಣೋಕೆ ಕೊಟ್ಟಿರಿ, ಉಡೋಕೆ ಕೊಟ್ಟಿರಿ, ಜಗಳ ಆಡೋಕೆ ಅಕ್ಕಪಕ್ಕ ಕೊಟ್ಟಿರಿ. ನಿಮ್ಮ ಋಣ ನನ್ನ ಚರ್ಮದ ಚಪ್ಪಲಿ ಮಾಡಿದರೂ ತೀರಲ್ಲ. ತಣ್ಣಗಿರಿ." ಹಿಂಗಂದು ಗಂಟು ಎತ್ತಿಕೊಂಡು ಹೊರಟಳು. ಅಗಸಿಯ ಪುಟ್ಟ ದಿಡ್ಡಿ ಬಾಗಿಲು ತೆಗೆದು ಬಿಟ್ಟ ಹುಚ್ಚೀರಪ್ಪ ಮೀಸೆ ಒದ್ದೆ ಮಾಡಿಕೊಂಡ. ಜನ ತಲೆ ಎತ್ತಲಿಲ್ಲ. ಬಾಗಿಲು ಮುಚ್ಚಿತು.

ಈಗ ಅವಳ ಹಿಂದೆ ಗೋಡೆ. ಮುಂದೆ ದಂಡು. ನಿಮ್ಮನ್ನು ಅಲ್ಲಿ ನಿಲ್ಲಿಸಿದ್ದರೆ ಏನು ಮಾಡ್ತಿದ್ರಿ? ಓಡ್ತಿದ್ರಿ. ನಾನಾಗಿದ್ದರೆ ನಿಮಗಿಂತ ಮುಂದೆ ಓಡ್ತಿದ್ದೆ. ದುಂಡವ್ವ ಓಡಲಿಲ್ಲ. ಸೆರಗು ಸಿಕ್ಕಿಸಿದಳು. ನೆಟ್ಟಗೆ ದಂಡಿನೊಳಗೆ ನಡೆದಳು.

"ಏಯ್, ಯಾರು ನೀನು?" ಈಟಿಯವರು ಅಡ್ಡ ಬಂದರು.

"ನಿಮ್ಮ ದೊರೆಯ ಅಕ್ಕ."

ಹೋ ಅಂತ ನಕ್ಕರು. "ದೊರೆಗೆ ಅಕ್ಕನೇ ಇಲ್ಲ ಮುದುಕಿ!"

"ಮುದುಕಿ ನಿಮ್ಮತ್ತೆ! ಮೊದಲು ಮೂಗು ಒರೆಸಿಕೋ, ಆಮೇಲೆ ಈಟಿ ಹಿಡಿ. ಸರಿ ಆಚೆ!" ಅಂದಳು ನೋಡಿ, ಮುಂದಿದ್ದವನು ಮೂಗು ಒರೆಸಿಕೊಂಡು ಸರಿದೇಬಿಟ್ಟ. ಬೈಗುಳಕ್ಕೂ ಒಂದು ಕಳೆ ಇರುತ್ತೆ. ಅದು ಮನೆಯ ಬೈಗುಳ ಅಂತ ಯಾರಿಗಾದರೂ ಗೊತ್ತಾಗುತ್ತೆ.

ದೊರೆಯ ಡೇರೆ. ಪರದೆ ಸರಿಸಿದಳು. ರಣಭೈರ ಚಿನ್ನದ ಪಟ್ಟಿ ಕಟ್ಟಿಕೊಂಡು ದಳವಾಯಿಯ ಜೊತೆ ಕೂತಿದ್ದ. ದಳವಾಯಿ ಅಂದರೆ ದಂಡಿನ ಹಿರಿಯ, ನರೆತ ಗಡ್ಡದವನು.

"ಏನೋ ಬೈರ! ಪಂಚಮಿಗೆ ಬರ್ತೀನಿ ಅಂದೆ. ಒಂದು ಪಂಚಮಿ ಕಾದೆ, ಎರಡು ಪಂಚಮಿ ಕಾದೆ. ಮೂರನೆಯದಕ್ಕೆ ಬಂದವನು ಆನೆ ಕಟ್ಟಿಕೊಂಡು ಬಂದಿದ್ದೀಯಲ್ಲ, ಆನೆಗೆ ಉಂಡೆ ಯಾರೋ ಕಟ್ತಾರೆ? ನಿಮ್ಮಪ್ಪನಾ?"

ದೊರೆಯ ಮುಖ ಕೆಂಪಾಯಿತು. "ತಾಯಿ, ನಾನು ಬೈರನಲ್ಲ. ಗುಡ್ಡದಾಚೆ ಸೀಮೆಯ ದೊರೆ. ಅವತ್ತು ಬಂದಿದ್ದು ವೇಷ."

"ವೇಷ ಸುಳ್ಳಿರಬಹುದು. ತಿಂದ ರೊಟ್ಟಿ ಸುಳ್ಳಾ? ಹಚ್ಚಿದ ಎಣ್ಣೆ ಸುಳ್ಳಾ? ಅಕ್ಕ ಅಂತ ಕೂಗಿದ್ದು ನಿನ್ನ ಬಾಯೋ ಇಲ್ಲ ವೇಷದ ಬಾಯೋ?"

ದೊರೆ ಚಿನ್ನದ ಪಟ್ಟಿ ಸರಿಮಾಡಿಕೊಂಡ.

"ಹೋಗಲಿ ಬಿಡು" ಅಂತ ಅವಳು ಗಂಟು ಕೆಳಗಿಟ್ಟು ಕೂತಳು. ಈಗ ಅವಳ ದನಿ ಇಳಿದಿತ್ತು. "ನಿನ್ನಿಂದ ನನ್ನನ್ನು ಊರು ಆಚೆ ಹಾಕ್ತು. ತಪ್ಪು ಅವರದ್ದಲ್ಲ, ಕಟ್ಟಳೆ. ಗಂಡನ ಊರಲ್ಲಿ ಜಾಗ ಇಲ್ಲದ ಹೆಣ್ಣು ಎಲ್ಲಿಗೆ ಹೋಗಬೇಕು? ತವರಿಗೆ. ನನಗಿರೋ ತವರು ನೀನೊಬ್ಬನೇ. ಇಟ್ಟುಕೋತೀಯೋ, ಕಂದಕದ ಮೊಸಳೆಗೆ ಹಾಕ್ತೀಯೋ, ನಿನಗೆ ಬಿಟ್ಟಿದ್ದು."

ದೊರೆ ಅವಳ ಗಂಟಿನ ಕಡೆ ನೋಡಿದ. ಅವನನ್ನು ಹೆತ್ತವಳು ಹೆತ್ತ ದಿನವೇ ಹೋಗಿದ್ದಳು. ಅವನಿಗೆ ಹೆದರೋರು ಇದ್ದರು, ಹೊಗಳೋರು ಇದ್ದರು, ಬೈಯೋರು ಇರಲಿಲ್ಲ. ಬೈಯೋರಿಲ್ಲದ ಬಾಳು ಉಪ್ಪಿಲ್ಲದ ಸಾರು. ಮೆಲ್ಲಗೆ ಅಂದ, "ದಳವಾಯಿ, ಅವತ್ತು ನಾನು ಬುರುಜು ಎಣಿಸೋಕೆ ಹೋದವನು ಎಣಿಸಿಕೊಂಡೇ ಬರಲಿಲ್ಲ. ಎಷ್ಟು ಸಲ ಎಣಿಸೋಕೆ ಹೊರಟರೂ ಇವಳು ರೊಟ್ಟಿ ಹಾಕ್ತಿದ್ದಳು."

ಮುದಿ ದಳವಾಯಿ ಗಡ್ಡ ನೀವಿದ. "ಅಕ್ಕ ಅಂದಿದ್ದು ನಿಜವಾ ಬುದ್ಧಿ?"

"ಅಂದೆ."

"ತಲೆ ಮೇಲೆ ಕೈ ಇಡಿಸಿಕೊಂಡಿದ್ದು ನಿಜವಾ?"

"ಇಡಿಸಿಕೊಂಡೆ."

"ಹಂಗಾದರೆ ಕೆಟ್ಟೆವು" ಅಂದ ದಳವಾಯಿ. "ಅಕ್ಕ ಇರೋ ಊರು ನಮಗೆ ಬೀಗರ ಊರು. ನಾವು ಹೆಣ್ಣು ಕೊಟ್ಟವರು, ಅವರು ಹೆಣ್ಣು ತಂದುಕೊಂಡವರು. ಹೆಣ್ಣು ಕೊಟ್ಟವರು ಬೀಗರ ಬಾಗಿಲಲ್ಲಿ ತಲೆ ತಗ್ಗಿಸಬೇಕು ಬುದ್ಧಿ, ಕತ್ತಿ ಎತ್ತಬಾರದು. ಬೀಗರ ಮೇಲೆ ಕತ್ತಿ ಎತ್ತಿದ ದಂಡಿಗೆ ನಾಳೆ ಯಾರು ಹೆಣ್ಣು ಕೊಡ್ತಾರೆ?"

ಪರದೆಗೆ ಕಿವಿ ಹಚ್ಚಿದ್ದ ಈಟಿಯವರು ಇದನ್ನು ಕೇಳಿದರು. ಕೇಳಿದ್ದೇ ತಡ, ಡೇರೆಯಿಂದ ಡೇರೆಗೆ ಸುದ್ದಿ ಹರಿಯಿತು. ಆ ದಂಡಿನಲ್ಲಿ ಅರ್ಧಕ್ಕರ್ಧ ಮದುವೆಯಾಗದ ಗಂಡುಗಳು! "ಕೋಟೆ ಗೆದ್ದರೆ ಕಲ್ಲು ಸಿಗುತ್ತೆ, ಹೆಂಡತಿ ಸಿಗಲ್ಲ ಕಣೋ" ಅಂತ ಒಬ್ಬ ಈಟಿ ಎಸೆದ. ಅವನ ಪಕ್ಕದವನು ಎಸೆದ. ಆನೆಯವನು ಅಂಕುಶ ಎಸೆದ. ಯಾವ ಕತ್ತಿಗೂ ಹೆದರದ ದಂಡು, ಬ್ರಹ್ಮಚಾರಿಯಾಗಿ ಸಾಯೋಕೆ ಹೆದರಿ ಕೂತುಬಿಟ್ಟಿತು.

ರಣಭೈರ ಎದ್ದ. ಚಿನ್ನದ ಪಟ್ಟಿ ಬಿಚ್ಚಿದ. "ನಡಿ ಅಕ್ಕ" ಅಂದ. ದಂಡಿನ ಚೀಲ ಎಲ್ಲ ತಡಕಾಡಿಸಿ, ಒಂದು ಹಸಿರು ಸೀರೆ, ಒಂದಿಷ್ಟು ಬಳೆ ಹೊಂದಿಸಿದ. ಬರಿಗಾಲಲ್ಲಿ ಅವಳ ಹಿಂದೆ ಉಪ್ಪಿನ ಬಾಗಿಲಿಗೆ ನಡೆದು ಬಂದು ನಿಂತ. ಬುರುಜಿನ ಮೇಲೆ ಊರೆಲ್ಲ ಬಗ್ಗಿ ನೋಡ್ತಿತ್ತು. ಹುಚ್ಚೀರಪ್ಪನಿಗೆ ಏನು ಮಾಡಬೇಕೋ ತೋಚಲಿಲ್ಲ. ತೋಚದೇ ಹೋದಾಗ ಬಾಯಿ ಅಭ್ಯಾಸದ ಮಾತನ್ನೇ ಆಡುತ್ತೆ.

"ಇವನು ಯಾರವನು?"

ಊರಿನವರು ಯಾರೂ ಮುಂದೆ ಬರಲಿಲ್ಲ. ಯಾಕೆ ಅಂತೀರಾ? ಯಾರಾದರೂ ಅಂಥವನ ತಲೆ ಮುಟ್ಟೋಳು ಇದ್ದರೆ ಅದು ದುಂಡವ್ವ. ದುಂಡವ್ವ ಒಳಗಿಲ್ಲ, ಹೊರಗಿದ್ದಾಳೆ. ಅವನ ಬಗ್ಗೆ ಹೇಳೋಕೆ ಅವಳು ಬೇಕು. ಅವಳ ಬಗ್ಗೆ ಹೇಳೋಕೆ?

"ಇವಳು ಯಾರವಳು?" ಹುಚ್ಚೀರಪ್ಪ ಕೂಗಿದ. ಈ ಸಲ ಅವನ ದನಿ ಒಡೆದಿತ್ತು.

ಹೊರಗೆ ದುಂಡವ್ವ ಕಾಲ ಕೆಳಗಿನ ಮಣ್ಣು ನೋಡ್ತಾ ನಿಂತಳು. ಕೂಸಾಗಿದ್ದಾಗ ಅವಳಿಗೆ ಜ್ವರ, ಕೂಗು ಕೇಳಿಸಿರಲಿಲ್ಲ. ಈಗ ಕೇಳಿಸಿತು. ಆ ಕೂಗಿಗೂ ಉತ್ತರಕ್ಕೂ ನಡುವಿನ ಹೊತ್ತು ಎಷ್ಟು ಉದ್ದ ಅಂತ ಅವಳಿಗೆ ಅವತ್ತು ಗೊತ್ತಾಯಿತು.

ಆಗ ದಿಡ್ಡಿ ಬಾಗಿಲು ಕಿರ್ ಅಂತು. ಬಂದವನು ಯಾರು? ಭರಮಪ್ಪ! ಅವಳ ತಲೆ ಮೇಲೆ ಹಗ್ಗ ಹೊಸೆದ ಒರಟು ಕೈ ಇಟ್ಟ.

"ನನ್ನ ಹೆಂಡತಿ" ಅಂದ. ಆಮೇಲೆ ದೊರೆಯ ತಲೆ ಮೇಲೆ ಕೈ ಇಟ್ಟ. "ನನ್ನ ಬಾಮೈದ. ತಡವಾಗಿ ಬಂದಿದ್ದಾನೆ, ಅಷ್ಟೇ."

ಒಂದೇ ಸಲಕ್ಕೆ ಇಷ್ಟು ಮಾತಾಡಿದನಲ್ಲ, ಊರಿನವರು ಮೊದಲು ಆಕಾಶ ನೋಡಿದರು. ಆಮೇಲೆ ನಾಯಕನನ್ನು ನೋಡಿದರು. ನಾಯಕ ಅಷ್ಟೊತ್ತಿಗೆ ಮೆಟ್ಟಿಲಿಳಿದು ಓಡಿ ಬರ್ತಿದ್ದ. "ಆಚೆ ಹೋದವರು ಮತ್ತೆ ಬರಬಾರದು ಅಂತ ಕಟ್ಟಳೆ ಇರೋದು ನಂಟ ಕೇಡು ಮಾಡಿದರೆ. ಕೇಡೇ ಆಗಿಲ್ಲವಲ್ಲ! ದುಂಡವ್ವ ನನ್ನ ಹೆಂಡತಿಗೆ ತಾಯಿ ಇದ್ದಂಗೆ. ನನಗೆ ಅತ್ತೆ!" ಅಂತ ಅವಳ ತಲೆ ಮುಟ್ಟಿದ. ಹುಚ್ಚೀರಪ್ಪ ಬಂದು "ನನ್ನ ತಂಗಿ" ಅಂದ. ಎಮ್ಮೆಯವರು ಬಂದು "ನಮ್ಮ ಅತ್ತಿಗೆ" ಅಂದರು. ಜಗಳಗಂಟಿ ಪಕ್ಕದ ಮನೆಯವಳು ಬಂದು "ನನ್ನ ಸವತಿ ಅಲ್ಲ ಪುಣ್ಯಕ್ಕೆ, ಚಿಕ್ಕಮ್ಮ!" ಅಂದಳು. ಮುಟ್ಟಿದರು, ಮುಟ್ಟಿದರು, ದುಂಡವ್ವನ ತುರುಬು ಬಿಚ್ಚಿ ಹಕ್ಕಿಗೂಡಾಯಿತು. "ಸಾಕು ಬಿಡ್ರೋ, ತಲೆಗೆ ಈಗ ಎಣ್ಣೆ ಹಚ್ಚಿದ್ದೆ!" ಅಂತ ಬೈತಾ ಬೈತಾ ನಿಂತಳು. ಆಗ ಅತ್ತಳು.

ಬೀಗಸ್ತನ ಆಯಿತು ಅಂದಮೇಲೆ ಊರಿನವರು ಸುಮ್ಮನಿರ್ತಾರಾ? ಗಂಡಿನ ಕಡೆಯವರಲ್ವಾ! "ಆನೆ ತಂದ್ರಿ ಸರಿ, ಅದರ ಬೆನ್ನಿಗೆ ಜೂಲು ಹೊದಿಸಬೇಕು ಅಂತ ಗೊತ್ತಾಗಲಿಲ್ವಾ?" ಅಂತ ಒಬ್ಬ. "ಕುದುರೆ ಎಲ್ಲ ಒಣಕಲು, ನಮ್ಮ ಕಡೆ ಮೇಕೆಯೇ ದಪ್ಪ ಇರ್ತವೆ" ಅಂತ ಇನ್ನೊಬ್ಬ. ಹತ್ತು ಕೋಟೆ ಮುರಿದ ದೊರೆ ಕೈ ಕಟ್ಟಿಕೊಂಡು "ತಪ್ಪಾಯ್ತು ಬೀಗರೇ, ಮುಂದಿನ ಸಲ ಸರಿ ಮಾಡ್ತೀವಿ" ಅಂತ ಎಲ್ಲರಿಗೂ ತಲೆ ತಗ್ಗಿಸಿದ. ಬಂದ ದಂಡಿನಲ್ಲಿ ಎಷ್ಟೋ ಗಂಡುಗಳಿಗೆ ಅದೇ ಊರಲ್ಲಿ ಹೆಣ್ಣು ಸಿಕ್ಕಿತು. ನಾಲ್ಕೂ ದಾರಿ ತೆರೆದವು. ಉಪ್ಪು ಬಂತು, ಅಕ್ಕಿ ಬಂತು, ಹತ್ತಿ ಬಂತು, ಕುದುರೆ ಬಂತು.

ಹಬ್ಬ ಮುಗಿಯೋ ಮೊದಲೇ ದುಂಡವ್ವ ಹಸಿರು ಸೀರೆ ಉಟ್ಟು ತವರಿಗೆ ಹೊರಟಳು. ಜೀವಮಾನದಲ್ಲಿ ಮೊದಲ ಸಲ. ಆನೆ ಮೇಲೆ ಅವಳು, ಮುಂದೆ ನಡೆಯುತ್ತಾ ತಮ್ಮ. ಊರು ಬುರುಜಿನ ಮೇಲೆ ನಿಂತು ಕೈ ಬೀಸಿತು. ಆನೆ ಕೋಟೆಯ ನೆರಳು ದಾಟಿದ್ದೇ, ಅವಳು ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು.

ಆನೆಯವನು ಹಿಂದೆ ತಿರುಗಿದ. "ಯಾಕಕ್ಕ ಅಳ್ತೀಯಾ? ತವರಿಗೆ ಹೋಗೋರು ನಗ್ತಾ ಹೋಗ್ತಾರೆ. ತವರು ಬಿಟ್ಟು ಬರೋರು ಅಳ್ತಾರೆ."

"ತವರು ಬಿಟ್ಟು ಹೊರಟೀನಲ್ಲಪ್ಪ, ಅದಕ್ಕೆ."

"ಮತ್ತೆ ಈಗ ಹೋಗ್ತಿರೋದು?"

"ಅದೂ ತವರೇ."

ಆನೆಯವನು ತಲೆ ಕೆರೆದುಕೊಂಡ. ಆನೆ ಕಿವಿ ಬೀಸಿತು. ದುಂಡವ್ವ ಅಳ್ತಾನೇ ನಕ್ಕಳು.

ಕಥೆ ಅಗಸಿ ದಾಟಿತು, ಕೇಳಿದವರ ಮನೆ ಬಾಗಿಲು ತೆರೆದಿರಲಿ. ಹೇಳಿದ ಬಾಯಿಗೆ ಬೆಲ್ಲ, ಹೂಂ ಅಂದವರಿಗೆ ಹಾಲು, ನಿದ್ದೆ ಮಾಡಿದವರಿಗೆ ಆನೆ ಲದ್ದಿ.